ಎಕರೆಗೆ ಮೂರು ಟನ್

"ದ್ರಾಕ್ಷಿ ತೋಟದಲ್ಲಿ ಮಲಗಕ್ಕೆ ನಾವೇ ದುಡ್ಡು ಕೊಡ್ಬೇಕಾ?"

ಅಪ್ಪ ಇದನ್ನ ಕೇಳಿದ್ದು ಮ್ಯೂನಿಕ್‌ನ ನಮ್ಮ ಅಡುಗೆಮನೇಲಿ, ಕಾಫಿ ಲೋಟ ಹಿಡ್ಕೊಂಡು, ತಮಾಷೆಗಲ್ಲ, ನಿಜವಾಗ್ಲೂ ಅರ್ಥ ಆಗದೇ. ಅವರ ಲೆಕ್ಕದಲ್ಲಿ ತಪ್ಪೇನಿಲ್ಲ ಬಿಡಿ. ದೇವನಹಳ್ಳಿ ಹತ್ರ ನಮ್ಮದು ಎರಡೂವರೆ ಎಕರೆ ಬೆಂಗಳೂರು ಬ್ಲೂ ತೋಟ ಇತ್ತು, ಅಲ್ಲಿ ಅವರು ವರ್ಷಕ್ಕೆ ನೂರು ರಾತ್ರಿಯಾದ್ರೂ ಮಲಗಿರ್ತಾರೆ, ತ್ರೀ ಫೇಸ್ ಕರೆಂಟು ಬರ್ತಿದ್ದಿದ್ದೇ ರಾತ್ರಿ ಒಂದು ಗಂಟೆ ಮೇಲೆ, ಮೋಟ್ರು ಹಾಕಕ್ಕೆ ಒಬ್ರು ಇರ್ಬೇಕಲ್ಲ, ಹಣ್ಣು ಕಪ್ಪಗಾದ ಮೇಲೆ ಕಾವಲಿಗೂ ಇರ್ಬೇಕು. 1986ರಲ್ಲಿ ನಾಟಿ ಮಾಡಿದ ತೋಟ, 2011ರಲ್ಲಿ ಜೆಸಿಬಿ ತರಿಸಿ ಕೀಳಿಸಿದ್ರು. ಆಮೇಲೆ ಆ ತೋಟದ ಬಗ್ಗೆ ಅಪ್ಪ ಮಾತಾಡಿದ್ದು ನಂಗೆ ನೆನಪಿಲ್ಲ. ಸಂತೇಲಿ ದ್ರಾಕ್ಷಿ ಕಂಡ್ರೂ ಬೆಲೆ ಕೇಳಿ ಮುಂದಕ್ಕೆ ಹೋಗ್ತಿದ್ರು ಅಷ್ಟೇ.

ಅಂಥವರನ್ನ ದ್ರಾಕ್ಷಿ ತೋಟಕ್ಕೇ ಕರ್ಕೊಂಡು ಹೋಗೋದು ಸರಿನಾ ಅಂತ ನಾನೂ ಯೋಚನೆ ಮಾಡಿದ್ದೆ. ಆದ್ರೆ ಬವೇರಿಯಾದಲ್ಲಿ ಸ್ಕೂಲ್ ರಜ ಸೆಪ್ಟೆಂಬರ್ ಮಧ್ಯದವರೆಗೂ ಇರತ್ತೆ, ಅಪ್ಪ ಅಮ್ಮ ಬಂದು ಆರು ವಾರ ಆಗಿತ್ತು, ಬಾಲ್ಕನಿಯಿಂದ ಟ್ರಾಮ್ ಎಣಿಸಿ ಎಣಿಸಿ ಇಬ್ರಿಗೂ ಸಾಕಾಗಿತ್ತು, ಬೀಚ್ ಅಂದ್ರೆ ಅಮ್ಮ "ಬಟ್ಟೆ ಇಲ್ದೋರ ಮಧ್ಯ ನಾನೇನು ಮಾಡ್ಲಿ" ಅಂದ್ರು. ಹಂಗಾಗಿ ಕಿಯಾಂಟಿ. ಫ್ಲಾರೆನ್ಸ್‌ಗೂ ಸಿಯೆನಾಗೂ ನಡುವೆ ಇರೋ ಗುಡ್ಡದ ಸೀಮೆ, ಗ್ರೇವೆ ಅನ್ನೋ ಊರಿಂದ ಪಂಜಾನೊ ಕಡೆ ಹೋಗೋ ದಾರೀಲಿ ಒಂದು ಅಗ್ರಿತುರಿಸ್ಮೊ, ಅಂದ್ರೆ ರೈತರ ಮನೇಲಿ ಇರೋ ವ್ಯವಸ್ಥೆ. ಎಂಟು ಗಂಟೆ ಡ್ರೈವಿಂಗ್, ಬ್ರೆನ್ನರ್ ಪಾಸ್ ದಾಟಿ ಇಟಲಿಗೆ ಇಳಿದ ಮೇಲೆ ಅಮ್ಮ ಕಟ್ಕೊಂಡು ಬಂದಿದ್ದ ಪುಳಿಯೋಗರೆ ಪೆಟ್ರೋಲ್ ಬಂಕಲ್ಲಿ ತಿಂದಿದ್ದು, ಪ್ರತಿ ಟೋಲಲ್ಲೂ ಅಪ್ಪ "ಎಷ್ಟಾಯ್ತು" ಅಂತ ಕೇಳಿದ್ದು, ಇಷ್ಟು ಬಿಟ್ರೆ ದಾರಿ ಬಗ್ಗೆ ಹೇಳೋಕೇನಿಲ್ಲ.

ಕೊನೇ ಎರಡು ಕಿಲೋಮೀಟರ್ ಡಾಂಬರಿಲ್ಲ, ಬಿಳೀ ಕಲ್ಲುಪುಡಿ ರಸ್ತೆ, ಕಾರಿನ ಹಿಂದೆ ಧೂಳು ಏಳ್ತಿತ್ತು. ಅಪ್ಪಂಗೆ ಮೊದಲ ಸಲ ಯೂರೋಪು ಇಷ್ಟ ಆಗಿದ್ದು ಅಲ್ಲೇ ಅನ್ಸತ್ತೆ. "ಇದು ಊರು" ಅಂದ್ರು.

ಮನೆ ದಪ್ಪ ಕಲ್ಲಿನದು, ಎರಡು ಅಂತಸ್ತು. ನಮಗೆ ಕೊಟ್ಟಿದ್ದು ಕೆಳಗಿನ ಭಾಗ. ದೊಡ್ಡ ಹಾಲ್, ಇಟ್ಟಿಗೆ ಕಮಾನು, ಸೋಫಾ, ಗೋಡೆಗೆ ಸೇರಿದಂಗೆ ಉದ್ದಕ್ಕೂ ಒಂದು ಕಲ್ಲಿನ ಕಟ್ಟೆ, ಅದರಲ್ಲಿ ಪುಸ್ತಕ ಜೋಡಿಸಿಟ್ಟಿದ್ರು. ನಾನು ಏನ್ ಡಿಸೈನ್ ಅಪ್ಪಾ ಅನ್ಕೊಂಡು ಫೋಟೋ ತೆಗೀತಿದ್ದೆ. ಅಪ್ಪ ಹತ್ರ ಹೋಗಿ ಗೋಡೇಲಿದ್ದ ಕಬ್ಬಿಣದ ಬಳೆ ಎಳೆದು ನೋಡಿ, ಕಟ್ಟೆ ಸವರಿ, "ಇದು ಗೋದಲಿ ಕಣಮ್ಮ. ಇಲ್ಲಿ ಎತ್ತು ಕಟ್ತಿದ್ರು" ಅಂದ್ರು. ಅಮ್ಮಂಗೆ ನಗು ತಡೆಯಕ್ಕಾಗ್ಲಿಲ್ಲ. "ಅಲ್ಲಿಂದ ಪ್ಲೇನ್ ಹತ್ತಿಸ್ಕೊಂಡು ಬಂದು ಕೊಟ್ಟಿಗೇಲಿ ಮಲಗಿಸ್ತಿದೀಯಾ?"

ನಿಜಾನೇ. ಸಂಜೆ ಮನೆ ಯಜಮಾನಿ ಬಂದು ಹೇಳಿದ್ಳು, ಕೆಳಗೆ ದನ, ಮೇಲೆ ಜನ, ಚಳಿಗಾಲದಲ್ಲಿ ದನದ ಮೈ ಕಾವು ಮೇಲಿನ ಮಹಡಿಗೆ ಹತ್ತಲಿ ಅಂತ ಕಟ್ಟೋದೇ ಹಂಗಂತೆ. ಈ ಸೀಮೆಯ ಹಳೇ ಕಲ್ಲುಮನೆಗಳು ಬಹುಪಾಲು ರೈತರ ಸ್ವಂತದ್ದಾಗಿರ್ಲಿಲ್ಲ. ಮೆಜಾದ್ರಿಯಾ ಅಂತ ಒಂದು ಪದ್ಧತಿ, ನೂರಾರು ವರ್ಷ ನಡೆದಿದ್ದು. ಹೊಲ, ಮನೆ ಧಣೀದು, ದುಡಿಮೆ ಒಕ್ಕಲಿನ ಸಂಸಾರದ್ದು, ಬೆಳೆದಿದ್ದರಲ್ಲಿ ಅರ್ಧ ಅರ್ಧ. ನಾನು ಇದನ್ನ ಕನ್ನಡಕ್ಕೆ ಹೆಂಗೆ ಹೇಳೋದು ಅಂತ ತಡವರಿಸ್ತಿರುವಾಗ ಅಪ್ಪ "ವಾರಕ್ಕೆ ಮಾಡೋದು, ಪಾಲಿಗೆ ಮಾಡೋದು ಅನ್ನು, ಅಷ್ಟೊತ್ತು ಯಾಕೆ" ಅಂದ್ಬಿಟ್ರು. ಅಲ್ಲಿಂದ ಮುಂದೆ ಅವರೇ ಕೇಳ್ತಾ ಹೋದ್ರು. ಬೀಜ ಯಾರದ್ದು? ಎತ್ತು ಯಾರದ್ದು? ಹಬ್ಬಕ್ಕೆ ಏನು ಕೊಡ್ಬೇಕಿತ್ತು? ಹಬ್ಬಕ್ಕೆ ಕೋಳಿ, ಮೊಟ್ಟೆ ಧಣಿ ಮನೆಗೆ ಹೋಗ್ತಿತ್ತಂತೆ, ಮಗಳ ಮದುವೆ ಮಾಡ್ಬೇಕಂದ್ರೂ ಧಣಿ ಕಿವಿಗೆ ಹಾಕಿ ಒಪ್ಪಿಗೆ ತಗೋಬೇಕಿತ್ತಂತೆ. "ನಮ್ಮಲ್ಲಿ ಕುಂಬಳಕಾಯಿ, ತುಪ್ಪ, ಮೇಲೆ ಬಿಟ್ಟಿ ಚಾಕರಿ" ಅಂದ್ರು ಅಪ್ಪ. ಅದನ್ನ ನಾನು ಇಂಗ್ಲಿಷಿಗೆ ಮಾಡ್ದೆ, ಅವಳು ಅವಳಪ್ಪಂಗೆ ಇಟಾಲಿಯನ್‌ಗೆ ಮಾಡಿದ್ಳು. ಎಂಬತ್ತು ದಾಟಿದ ಆ ತಾತ, ಅಷ್ಟೊತ್ತೂ ಬಾಗಿಲ ಹತ್ರ ಕುರ್ಚೀಲಿ ಸುಮ್ನೆ ಕೂತಿದ್ದೋರು, ಕುರ್ಚಿ ಎತ್ಕೊಂಡು ಬಂದು ಅಪ್ಪನ ಪಕ್ಕ ಹಾಕ್ಕೊಂಡ್ರು.

ಇಟಲೀಲಿ 1964ರಲ್ಲಿ ಕಾನೂನು ಬಂದು ಹೊಸದಾಗಿ ಯಾರನ್ನೂ ವಾರದ ಒಕ್ಕಲಾಗಿ ಇಟ್ಕೊಳ್ಳಂಗಿಲ್ಲ ಅಂತಾಯ್ತು. ಅಷ್ಟರಲ್ಲಾಗ್ಲೇ ಜನ ಗುಂಪು ಗುಂಪಾಗಿ ಹೊಲ ಬಿಟ್ಟು ಫ್ಯಾಕ್ಟರಿ ಇರೋ ಊರುಗಳಿಗೆ ಇಳಿದು ಹೋಗಿದ್ರು, ತಾತನ ಅಣ್ಣಂದಿರೂ ಹೋದ್ರು, ಇವರ ಅಪ್ಪ ಮಾತ್ರ ಸಾಲ ಮಾಡಿ ಇದೇ ಮನೇನ ಕೊಂಡ್ಕೊಂಡ್ರಂತೆ, ಯಾರಿಗೂ ಬೇಡವಾಗಿದ್ದ ಮನೆ, ಅದಕ್ಕೇ ಅಗ್ಗ. ಸುತ್ತಮುತ್ತ ಖಾಲಿ ಬಿದ್ದ ಎಷ್ಟೋ ಮನೆಗಳನ್ನ ಆಮೇಲೆ ಇಂಗ್ಲಿಷರು, ಜರ್ಮನ್ನರು ತಗೊಂಡು ಸ್ವಿಮ್ಮಿಂಗ್ ಪೂಲ್ ಕಟ್ಟಿಸಿದ್ರು. ನಮ್ಮ ಕಡೆ ಹತ್ತು ವರ್ಷ ತಡ, 1974ರ ಭೂಸುಧಾರಣೆ, ಗೇಣಿಗೆ ಉಳ್ತಿದ್ದೋರಿಗೇ ಜಮೀನು ಅಂತ. ನಮ್ಮ ತಾತ ಫಾರಂ ನಂಬರ್ ಏಳು ತುಂಬಿ, ಹೆಬ್ಬೆಟ್ಟು ಒತ್ತಿ, ಟ್ರಿಬ್ಯೂನಲ್ ಮುಂದೆ ಕೈಕಟ್ಟಿ ನಿಂತು ಆ ಎರಡೂವರೆ ಎಕರೆ ನಮ್ಮದು ಅಂತ ಮಾಡ್ಕೊಂಡಿದ್ದು. ಈ ಕತೆ ನಂಗೆ ಗೊತ್ತಿತ್ತು. ಆದ್ರೆ ಟ್ರಿಬ್ಯೂನಲ್‌ಗೆ ಹೋದ ದಿನ ತಾತ ಹೊಸ ಪಂಚೆ ಉಟ್ಕೊಂಡು ಹೋದ್ರೆ ಗೇಣಿದಾರ ಅಂತ ನಂಬಲ್ಲ ಅಂತ ಹರಕು ಪಂಚೆ ಉಟ್ಕೊಂಡು ಹೋಗಿದ್ರು ಅನ್ನೋದು ನಂಗೆ ಅವತ್ತು ರಾತ್ರಿ, ಇಟಲಿಯ ಕೊಟ್ಟಿಗೇಲಿ ಗೊತ್ತಾಯ್ತು.

ಮಾರನೇ ದಿನ ಬೆಳಗ್ಗೆ ನಾವು ಏಳೋ ಹೊತ್ತಿಗೆ ಅಪ್ಪ ತೋಟದಲ್ಲಿದ್ರು. ಬೂಟಿನ ತುಂಬ ಮಣ್ಣು. ಅಲ್ಲಿನ ಬಳ್ಳಿ ನಮ್ಮ ಥರ ಚಪ್ಪರದ ಮೇಲೆ ಹಬ್ಬಲ್ಲ, ಸೊಂಟದೆತ್ತರಕ್ಕೆ ಸಾಲಾಗಿ ತಂತಿ ಮೇಲೆ ನಿಂತಿರತ್ತೆ, ಸಾಂಜೊವೇಸೆ ಅನ್ನೋ ತಳಿ, ಗೊಂಚಲು ಆಗ್ಲೇ ಕಪ್ಪಗಾಗಿತ್ತು, ಕೊಯ್ಲಿಗೆ ಇನ್ನೆರಡು ವಾರ. ಅಪ್ಪ ಒಂದು ಸಾಲಲ್ಲಿ ಬಗ್ಗಿ ನೆಲ ನೋಡ್ತಾ ನಿಂತಿದ್ರು. ಬುಡದಲ್ಲೆಲ್ಲ ಒಣಗಿ ಮುರುಟಿದ ಗೊಂಚಲುಗಳು ಬಿದ್ದಿದ್ವು, ಕಾಯಿದ್ದಾಗ್ಲೇ ಕತ್ತರಿಸಿ ಹಾಕಿದ್ದು.

"ರೋಗ ಬಂದಿತ್ತಾ ಕೇಳು."

ರೋಗ ಅಲ್ಲ. ಬೇಕಂತಲೇ ಕತ್ತರಿಸಿದ್ದು. ಕಿಯಾಂಟಿ ಕ್ಲಾಸಿಕೊ ಅಂತ ವೈನ್ ಬಾಟಲಿ ಮೇಲೆ ಕಪ್ಪು ಹುಂಜದ ಮುದ್ರೆ ಹಾಕ್ಬೇಕಂದ್ರೆ ಹೆಕ್ಟೇರಿಗೆ 7.5 ಟನ್‌ಗಿಂತ ಜಾಸ್ತಿ ದ್ರಾಕ್ಷಿ ಬೆಳೆಯಂಗಿಲ್ಲ ಅಂತ ನಿಯಮ. ಕಮ್ಮಿ ಗೊಂಚಲಿದ್ರೆ ಉಳಿದಿದ್ದಕ್ಕೆ ರುಚಿ ಜಾಸ್ತಿ ಅನ್ನೋ ಲೆಕ್ಕ. ಅಪ್ಪ ಮನಸ್ಸಲ್ಲೇ ಭಾಗಿಸಿದ್ರು. "ಎಕರೆಗೆ ಮೂರು ಟನ್." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಜಾಸ್ತಿ ಬೆಳೆದ್ರೆ ತಪ್ಪಾ?"

ಆ ಪ್ರಶ್ನೆ ನಾನು ಅನುವಾದ ಮಾಡ್ಲಿಲ್ಲ. ಎಕರೆಗೆ ಹದಿನೈದು ಟನ್ ತೆಗೆದ್ರು ಅಂತ ಊರಲ್ಲಿ ಮಾತಾಡ್ಕೊಳ್ಳೋ ಮನುಷ್ಯ ಅವರು. ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕಟಿಂಗ್, ಎರಡು ಬೆಳೆ, ಗೊಬ್ಬರ, ನೀರು, ಮತ್ತೆ ಕಟಿಂಗ್. ನಮ್ಮ ಹವೆಗೆ ಬಳ್ಳಿ ಎಲೆ ಉದುರಿಸಿ ಮಲಗೋದೇ ಇಲ್ಲ. ಇಲ್ಲಿ ನವೆಂಬರಿಂದ ಮಾರ್ಚ್‌ವರೆಗೂ ಬರೀ ಕಡ್ಡಿ, ಬಳ್ಳಿ ಸತ್ತಂಗೆ ನಿದ್ದೆ ಮಾಡತ್ತೆ. "ಐದು ತಿಂಗಳು ರಜಾನಾ?" ಅಂತ ಕೇಳಿ, ತಮಗೇ ರಜ ಸಿಕ್ಕಿದಂಗೆ ನಕ್ರು.

ನಗು ನಿಂತಿದ್ದು ನೀರಿನ ವಿಷಯ ಬಂದಾಗ. ಅವರು ಸಹಜವಾಗಿ ಕೇಳಿದ್ದು, ಬೋರು ಎಷ್ಟು ಅಡಿ? ಯಜಮಾನಿಗೆ ಪ್ರಶ್ನೆ ಅರ್ಥ ಆಗ್ಲಿಲ್ಲ. ಬಳ್ಳಿಗೆ ನೀರು ಹಾಕೋ ಪದ್ಧತೀನೇ ಇಲ್ಲ ಇಲ್ಲಿ, ತೀರಾ ಬರ ಬಂದ್ರೆ ಬಳ್ಳಿ ಉಳಿಸ್ಕೊಳ್ಳಕ್ಕೆ ಮಾತ್ರ ನಿಯಮ ಒಪ್ಪತ್ತೆ, ಇಲ್ಲಾಂದ್ರೆ ಮಳೆ, ಅಷ್ಟೇ. ನಾನು ಫೋನಲ್ಲಿ ಹುಡುಕಿ ನೋಡ್ದೆ, ವರ್ಷದ ಮಳೆ ಹೆಚ್ಚುಕಡಿಮೆ ನಮ್ಮ ದೇವನಹಳ್ಳಿಯಷ್ಟೇ. ಬೀಳೋ ಕಾಲ ಬೇರೆ, ಬಿಸಿಲು ಬೇರೆ, ಮಣ್ಣು ಬೇರೆ, ಗಲೆಸ್ಟ್ರೊ ಅಂತ ಪದರ ಪದರ ಏಳೋ ಕಲ್ಲು, ಅದರ ಸಂದೀಲಿ ಬೇರು ಆಳಕ್ಕೆ ಇಳಿಯತ್ತೆ, ಎರಡನ್ನ ಪಕ್ಕಪಕ್ಕ ಇಟ್ಟು ತೂಗೋದು ನ್ಯಾಯ ಅಲ್ಲ ಅಂತ ನಾನು ಏನೇನೋ ಹೇಳ್ದೆ. ಅಪ್ಪ ಆ ಕಲ್ಲಿನ ಚೂರೊಂದನ್ನ ಎತ್ಕೊಂಡು ಬೆರಳಲ್ಲಿ ಪುಡಿ ಮಾಡ್ತಾ ನಿಂತ್ರು. ಆಮೇಲೆ ಲೆಕ್ಕ ಹೇಳಕ್ಕೆ ಶುರು ಮಾಡಿದ್ರು, ನಂಗಲ್ಲ, ಯಾರಿಗೂ ಅಲ್ಲ. ಮೊದಲನೇದು 1988, ನೂರೆಂಬತ್ತು ಅಡಿಗೆ ಮೂರು ಇಂಚು ನೀರು. ಎರಡನೇದು ನಾನೂರು. ಮೂರು, ನಾಲ್ಕು. ಐದನೇದು ಸಾವಿರದ ಇನ್ನೂರೈವತ್ತು, ಅಮ್ಮನ ಸರ ಅಡ ಇಟ್ಟು ಕೊರೆಸಿದ್ದು, ಬಂದಿದ್ದು ಬೂದಿ ಥರ ಧೂಳು, ಬೆಳಗಿನ ಜಾವ ಲಾರಿಯವನು ಪೈಪು ಎತ್ಕೊಂಡು ಹೊರಟಾಗ ಬಳ್ಳಿ ಎಲೆ ಮೇಲೆಲ್ಲ ಅದೇ ಧೂಳು ಕೂತಿತ್ತಂತೆ.

ಜೆಸಿಬಿ ಯಾಕೆ ಬಂತು ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಂತಲ್ಲ. ಏರ್‌ಪೋರ್ಟ್ ಬಂತು, ರೇಟು ಬಂತು, ಎಲ್ರೂ ಮಾರಿದ್ರು, ನಾವೂ ಒಂದೂವರೆ ಎಕರೆ ಲೇಔಟಿಗೆ ಮಾರಿದ್ವಿ ಅಂತ ತಿಳ್ಕೊಂಡಿದ್ದೆ, ನನ್ನ ಎಂ.ಎಸ್. ಫೀಸೂ ಅದರಲ್ಲೇ ಬಂದಿದ್ದು, ಹಂಗಾಗಿ ನಾನೂ ಜಾಸ್ತಿ ಕೆದಕಿರ್ಲಿಲ್ಲ ಅನ್ನೋದು ನಿಜ. ಆದ್ರೆ ಮಾರೋಕ್ ಮುಂಚೆ ನೀರು ಹೋಗಿತ್ತು, ನೀರಿಗಿಂತ ಮುಂಚೆ ಅಮ್ಮನ ಸರ ಹೋಗಿತ್ತು. ಅಮ್ಮನ ಮುಖ ನೋಡ್ದೆ, ಅವರು ಮೊಮ್ಮಗಳ ಜಡೆ ಹೆಣೀತಿದ್ರು. "ಬಿಡೇ, ಹಳೇ ಮಾತು" ಅಂದ್ರು.

ಅಗ್ರಿತುರಿಸ್ಮೊ ಅನ್ನೋದರ ಬಗ್ಗೆ ಒಂದು ಮಾತು ಹೇಳ್ಬೇಕು. ಇಟಲೀಲಿ ಇದಕ್ಕೆ 1985ರಲ್ಲೇ ಕಾನೂನು ಮಾಡಿದ್ರು, 2006ರಲ್ಲಿ ಅದನ್ನ ಹೊಸದಾಗಿ ಬರೆದ್ರು. ಆ ಬೋರ್ಡು ಹಾಕ್ಬೇಕಂದ್ರೆ ಬೇಸಾಯ ನಿಜವಾಗ್ಲೂ ನಡೀತಿರ್ಬೇಕು, ಅದೇ ಮುಖ್ಯ ಕಸುಬು, ರೂಮು ಊಟ ಎಲ್ಲ ಅದಕ್ಕೆ ಆಸರೆ. ನಮ್ಮ ನಂದಿ ಬೆಟ್ಟದ ಸುತ್ತ ಫಾರ್ಮ್ ಸ್ಟೇ ಅಂತ ಬೋರ್ಡು ಹಾಕಿರೋ ಕಡೆ ಲಾನ್ ಇದೆ, ಡಿಜೆ ಇದೆ, ಫಾರ್ಮ್ ಎಲ್ಲಿದೆ ಅಂತ ಹುಡುಕ್ಬೇಕು. ಹೊಟ್ಟೆಕಿಚ್ಚಲ್ಲಿ ಹೇಳ್ತಿದೀನಿ ಅನ್ಕೊಳ್ಳಿ ಪರವಾಗಿಲ್ಲ.

ಊಟದ ವಿಷಯ. ತಸ್ಕನಿ, ಅಂದ್ರೆ ಕಿಯಾಂಟಿ ಇರೋ ಪ್ರಾಂತ್ಯ, ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ. ಅಮ್ಮ ಮೊದಲ ತುತ್ತಿಗೇ "ಮರೆತವ್ರೆ ಪಾಪ" ಅಂದ್ರು. ಎರಡನೇ ದಿನದಿಂದ ಅದಕ್ಕೆ ಚಟ್ನಿಪುಡಿ, ಮನೆಯವರದ್ದೇ ಆಲಿವ್ ಎಣ್ಣೆ ಕಲಸ್ಕೊಂಡು ತಿಂದ್ರು, ಯಜಮಾನಿಯೂ ತಿಂದಳು, ಡಬ್ಬಿ ಅಲ್ಲೇ ಉಳೀತು. ಬ್ರೆಡ್ಡು ಟೊಮೇಟೊ ಬೇಯಿಸಿದ ಪಾಪ್ಪ ಅಲ್ ಪೊಮೊದೊರೊ ಅನ್ನೋದು ನಮ್ಮನೇಲಿ ಎಲ್ರಿಗೂ ಇಷ್ಟ ಆಯ್ತು, ಹೆಸರು ನನ್ನ ಮಗಳಿಗೆ ಇನ್ನೂ ಇಷ್ಟ ಆಯ್ತು. ನಾಲ್ಕನೇ ದಿನ ಅಮ್ಮ ರಾಗಿಹಿಟ್ಟು ತೆಗೆದು ಅಲ್ಲಿನ ಒಲೆ ಮೇಲೆ ಮುದ್ದೆ ತಿರುವಿದ್ರು, ತಾತ ಇಣುಕಿ ನೋಡಿ "ಪೊಲೆಂತಾ?" ಅಂತ ಕೇಳಿದ್ರು, ಒಂದು ಉಂಡೆ ತಗೊಂಡ್ರು, ಅಗಿದ್ರು, ಅಗಿಬಾರ್ದು ಅಂತ ಅಪ್ಪ ಕೈಯಲ್ಲಿ ತೋರಿಸಿದ್ರೂ ಅಗಿದ್ರು.

ಫ್ಲಾರೆನ್ಸ್‌ಗೆ ಒಂದು ದಿನ ಹೋಗಿದ್ವಿ. ಬಿಸಿಲು, ಕ್ಯೂ, ಅಮ್ಮನ ಮಂಡಿ. ಅಲ್ಲಿಗೆ ಬಿಡಿ.

ವೈನ್ ಟೇಸ್ಟಿಂಗ್ ಒಂದು ಸಂಜೆ ಇತ್ತು. ಇಪ್ಪತ್ತೈದು ವರ್ಷ ದ್ರಾಕ್ಷಿ ಬೆಳೆದ ಅಪ್ಪ ವೈನ್ ಕುಡಿದೋರಲ್ಲ. ಮದುವೆ ಮನೆಗಳಲ್ಲಿ ಯಾರಾದ್ರೂ ಬಲವಂತ ಮಾಡಿದ್ರೆ ಒಂದು ಗುಟುಕು ಬ್ರಾಂದಿ, ಅದೂ ಅಮ್ಮ ನೋಡದಿದ್ರೆ. ಯಜಮಾನಿ ಚೆರ್ರಿ ಅಂದ್ಳು, ವಯೊಲೆಟ್ ಹೂವು ಅಂದ್ಳು, ನಾನೂ ನನ್ನ ಗಂಡನೂ ಹೌದೌದು ಅಂತ ತಲೆ ಆಡಿಸಿದ್ವಿ. ಅಪ್ಪ ಒಂದು ಗುಟುಕು ಬಾಯಲ್ಲಿ ಹೊರಳಿಸಿ "ಒಗರು" ಅಂದ್ರು. "ನೇರಳೆಹಣ್ಣು ತಿಂದಂಗೆ ನಾಲಿಗೆ ಹಿಡಿಯತ್ತೆ." ಒಗರು ಅನ್ನೋದನ್ನ ಇಂಗ್ಲಿಷಿಗೆ ಮಾಡಕ್ಕೆ ನಂಗೆ ಮೂರು ವಾಕ್ಯ ಬೇಕಾಯ್ತು. ಅವಳು ಕೇಳಿ, ಹೌದು, ಇವತ್ತಿನವರೆಗೂ ಬಂದ ಗೆಸ್ಟುಗಳಲ್ಲಿ ಇವರೊಬ್ರೇ ಸರಿಯಾಗಿ ಹೇಳಿದ್ದು ಅಂದ್ಳು. ಎಲ್ಲ ಗೆಸ್ಟುಗಳಿಗೂ ಹಂಗೇ ಹೇಳ್ತಾಳೇನೋ, ಆದ್ರೆ ಅಪ್ಪ ಗ್ಲಾಸು ಖಾಲಿ ಮಾಡಿದ್ರು, ಅಮ್ಮ ನೋಡ್ತಿದ್ದಂಗೇ.

ನಂಗೆ ಆ ವಾರದಲ್ಲಿ ಮರೆಯಕ್ಕಾಗದೇ ಇರೋದು ಅಂದ್ರೆ ಸಾಮಾನು ಕೊಠಡಿಯ ಗೋಡೆ. ಹಿತ್ತಲಲ್ಲಿ ಒಂದು ಹಳೇ ಶೆಡ್ಡು, ಅದರ ಗೋಡೆ ಮೇಲೆ ಎದೆಮಟ್ಟಕ್ಕೆ ಹಸಿರು ಬೆರೆತ ನೀಲಿ ಕಲೆ. ನಾವೆಲ್ಲ ಪೇಂಟು ಅನ್ಕೊಂಡು ದಾಟಿ ಹೋದ್ವಿ. ಅಪ್ಪ ನಿಂತು ಬೆರಳಲ್ಲಿ ಕೆರೆದು "ಮೈಲುತುತ್ತ!" ಅಂತ ಕೂಗಿದ್ರು, ಹಳೇ ಸ್ನೇಹಿತ ಸಿಕ್ಕಿದಂಗೆ. ಹಿಂದಿಂದ ತಾತ "ವೆರ್ದೆರಾಮೆ" ಅಂದ್ರು, ಎರಡೂ ಒಂದೇ, ಬಳ್ಳಿಗೆ ಹೊಡೆಯೋ ತಾಮ್ರದ ಉಪ್ಪು. ಆಮೇಲೆ ನಡೆದಿದ್ದಕ್ಕೆ ನನ್ನ ಅನುವಾದ ಬೇಕಾಗ್ಲಿಲ್ಲ. ಅಪ್ಪ ಗಾಳೀಲಿ ಒಂದು ಡ್ರಮ್ಮು ಇಟ್ರು, ಒಂದು ಕಡೆಯಿಂದ ಸುಣ್ಣದ ತಿಳಿ ಸುರಿದ್ರು, ಇನ್ನೊಂದು ಕಡೆಯಿಂದ ಮೈಲುತುತ್ತ, ಕೋಲಲ್ಲಿ ತಿರುವಿದ್ರು. ತಾತ ತಡೀರಿ ಅನ್ನೋ ಥರ ಕೈ ಎತ್ತಿ, ಜೇಬಿಂದ ಚಾಕು ತೆಗೆದು ಆ ಇಲ್ಲದೇ ಇರೋ ಡ್ರಮ್ಮಲ್ಲಿ ಅದ್ದಿ ಎತ್ತಿ ಬೆಳಕಿಗೆ ಹಿಡಿದ್ರು. ಚಾಕು ಮೇಲೆ ಕೆಂಪು ಬಂದ್ರೆ ಸುಣ್ಣ ಸಾಲದು ಅಂತ. ಬೋರ್ಡೋ ದ್ರಾವಣ ಹದ ನೋಡೋ ರೀತಿ ಎರಡೂ ಕಡೆ ಅದೇ. ಇಬ್ರೂ ನಕ್ಕು ನಕ್ಕು ಕೆಮ್ಮಿದ್ರು. ಈ ಔಷಧಿ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೇಲಿ, 1880ರ ದಶಕದಲ್ಲಿ, ದಾರಿಹೋಕರು ಹಣ್ಣು ಕಿತ್ಕೋಬಾರ್ದು ಅಂತ ರಸ್ತೆ ಪಕ್ಕದ ಸಾಲಿಗೆ ಮೈಲುತುತ್ತ ಸುಣ್ಣ ಬಳಿದಿದ್ರಂತೆ, ಆ ಸಾಲಿಗೆ ಬೂಜು ರೋಗ ಬರ್ಲಿಲ್ಲ ಅಂತ ಒಬ್ಬ ಪ್ರೊಫೆಸರ್ ಗಮನಿಸಿದ್ದು. ನಾನು ಓದಿದ್ದನ್ನ ಹೇಳಿದ್ರೆ ಅಪ್ಪ, "ರಸ್ತೆ ಪಕ್ಕದ ಸಾಲಿಗೆ ನಾನೂ ಎರಡು ಕೈ ಜಾಸ್ತಿ ಹೊಡೀತಿದ್ದೆ. ಸ್ಕೂಲ್ ಮಕ್ಕಳು" ಅಂದ್ರು.

ಕೊನೇ ಎರಡು ದಿನ ಮೆರ್ಲೋ ಕೊಯ್ಲು ಶುರುವಾಯ್ತು, ಅದು ಬೇಗ ಹಣ್ಣಾಗೋ ತಳಿ. ಅಪ್ಪ ಬೆಳಗ್ಗೆ ಆರಕ್ಕೆ ತೋಳು ಮಡಚ್ಕೊಂಡು ರೆಡಿ. ಯಜಮಾನಿ ಕೈ ಮುಗಿಯೋದೊಂದು ಬಾಕಿ, ಗೆಸ್ಟ್ ಕೈಗೆ ಕತ್ತರಿ ಕೊಟ್ರೆ ಕಾನೂನು ತೊಂದರೆ, ಇನ್ಶೂರೆನ್ಸ್ ಇಲ್ಲ, ಕೂಲಿ ಕಾಂಟ್ರಾಕ್ಟ್ ಇಲ್ಲ, ಹತ್ತಿರದ ನೆಂಟರಾದ್ರೆ ಬೇರೆ ಮಾತು. "ಹಂಗಾದ್ರೆ ನೆಂಟಸ್ತನ ಬೆಳೆಸಣ, ಹುಡುಗ ಯಾರವ್ರೆ ಕೇಳು" ಅಂದ್ರು ಅಪ್ಪ. ಆದ್ರೂ ಮುಖ ಸಪ್ಪಗಾಗಿತ್ತು. ಅದನ್ನ ನೋಡಿ ತಾತ ಅವರನ್ನ ಕೈ ಹಿಡ್ಕೊಂಡು ಅಡುಗೆಮನೆ ಬಾಗಿಲ ಮುಂದಿನ ಚಪ್ಪರದ ಕೆಳಗೆ ಕರ್ಕೊಂಡು ಹೋದ್ರು. ವಾರದಿಂದ ಅದರ ನೆರಳಲ್ಲೇ ಕಾಫಿ ಕುಡೀತಿದ್ವಿ, ಯಾರೂ ತಲೆ ಎತ್ತಿ ನೋಡಿರ್ಲಿಲ್ಲ. ತಾತ ಒಂದು ಗೊಂಚಲು ಕಿತ್ತು ಕೊಟ್ರು.

ಅಪ್ಪ ಒಂದು ಹಣ್ಣು ಬಾಯಿಗೆ ಹಾಕ್ಕೊಂಡು, ತಿರುಳು ಒಳಗೆ ಜಾರಿಸಿ, ದಪ್ಪ ಸಿಪ್ಪೆ ಕೈಗೆ ಉಗುಳಿ ನೋಡಿದ್ರು. ಇನ್ನೊಂದು ತಿಂದ್ರು. ಅಮ್ಮನ್ನ ಕರೆದ್ರು, "ಲೇ, ಬಾ ಇಲ್ಲಿ." ಅಮ್ಮ ತಿನ್ನೋಕೂ ಮುಂಚೆ ಮೂಸಿ ನೋಡಿ "ನಮ್ಮದೇ" ಅಂದ್ರು.

ಊವಾ ಫ್ರಾಗೊಲಾ ಅಂತಾರೆ ಅಲ್ಲಿ, ಸ್ಟ್ರಾಬೆರಿ ದ್ರಾಕ್ಷಿ ಅಂತ. ಮೂಲ ಹೆಸರು ಇಸಬೆಲ್ಲಾ, ಅಮೆರಿಕದ ಬಳ್ಳಿಯ ಸಂತಾನ, ತಳಿಗಳ ಪಟ್ಟಿ ಮಾಡೋರು ನಮ್ಮ ಬೆಂಗಳೂರು ಬ್ಲೂ ಅನ್ನೋದನ್ನ ಇದರದ್ದೇ ಇನ್ನೊಂದು ಹೆಸರು ಅಂತ ಬರ್ಕೊಂಡಿದಾರೆ. 2013ರಲ್ಲಿ ಇದು ಈ ಸೀಮೇದೇ ಅಂತ ಜಿಐ ಟ್ಯಾಗ್ ಸಿಕ್ಕಿದ ನಮ್ಮೂರ ದ್ರಾಕ್ಷಿ! ಯೂರೋಪಿಯನ್ ಯೂನಿಯನ್ ನಿಯಮದಲ್ಲಿ ಇದರ ವೈನ್ ಮಾಡಿ ಮಾರಂಗಿಲ್ಲ, ನಿಷೇಧ. ಹಂಗಾಗಿ ತೋಟದೊಳಕ್ಕೆ ಪ್ರವೇಶ ಇಲ್ಲ, ಹಿತ್ತಲ ಬಾಗಿಲಲ್ಲಿ ನೆರಳಿಗೆ ಅಂತ ಇಟ್ಕೊಂಡಿರ್ತಾರೆ, ಮಕ್ಕಳು ಕಿತ್ತು ತಿಂತಾರೆ. ಅಲ್ಲಿ ಇದಕ್ಕೆ ರೋಗ ಕಮ್ಮಿ, ಔಷಧಿ ಅಷ್ಟಾಗಿ ಬೇಡ, ಹೆಂಗಂದ್ರೆ ಹಂಗೆ ಬೆಳೆಯತ್ತೆ. ಅಪ್ಪ ಮೇಲೆ ನೋಡಿ ಗೊಂಚಲು ಎಣಿಸಕ್ಕೆ ಶುರು ಮಾಡಿದ್ರು. ಇದಕ್ಕೆ ಮೂರು ಟನ್ ರೂಲ್ಸ್ ಇಲ್ವಲ್ಲ ಅಂತ ಖಾತ್ರಿ ಮಾಡ್ಕೊಂಡ್ರು.

ಅವತ್ತು ಸಂಜೆ ಅಪ್ಪ ತಾತಂಗೆ ನಮ್ಮ ಚಪ್ಪರದ ಬಗ್ಗೆ ಹೇಳ್ತಿದ್ರು, ಕಂಬಗಳೆಲ್ಲ ಗ್ರಾನೈಟ್ ಕಲ್ಲಿಂದು ಅಂತ. ಇಲ್ಲಿ ಚೆಸ್ಟ್‌ನಟ್ ಮರದ ಗೂಟ ಇಲ್ಲಾ ಕಬ್ಬಿಣ. ತಾತ ನಂಬಲಿಲ್ಲ, ತೋಟಕ್ಕೆ ಯಾರಾದ್ರೂ ಗ್ರಾನೈಟ್ ಹಾಕ್ತಾರಾ ಅಂತ ಮಗಳ ಕಡೆ ತಿರುಗಿದ್ರು. ಅಪ್ಪ ಊರಲ್ಲಿರೋ ಚಿಕ್ಕಪ್ಪನ ಮಗಂಗೆ ಫೋನ್ ಹಚ್ಚಿದ್ರು, ಅಲ್ಲಿ ರಾತ್ರಿ ಹನ್ನೊಂದಾಗಿತ್ತು, ಪಾಪ ಅವನು ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ಫೋಟೋ ಕಳಿಸಿದ. ಚಪ್ಪರ ಎಲ್ಲಿಂದ ಬರ್ಬೇಕು. ತೋಟ ಕಿತ್ತಾಗ ಕಂಬಗಳನ್ನ ಲೇಔಟಿನವರೇ ತಗೊಂಡಿದ್ರು, ಸೈಟುಗಳ ಸುತ್ತ ಬೇಲಿಗೆ ನೆಟ್ಟಿದಾರೆ, ಬಿಳೀ ಸುಣ್ಣ, ತಲೆಗೆ ಕೆಂಪು ಪಟ್ಟಿ, ಮುಳ್ಳುತಂತಿ.

ಅಪ್ಪ ಫೋಟೋನ ದೊಡ್ಡದು ಮಾಡಿದ್ರು. "ಇದು ಮೂಲೆ ಕಂಬ. ಇದರ ಮೇಲೆ ಇಸವಿ ಕೆತ್ತಿಸಿದ್ದೆ, ಎಂಬತ್ತಾರು ಅಂತ. ಮೇಲೆ ಸುಣ್ಣ ಹೊಡ್ದವ್ರೆ." ನಾನು ಹೇಳಿದ್ದನ್ನ ಯಜಮಾನಿ ತಾತಂಗೆ ಹೇಳಿದ್ಳು. ತಾತ ಒಳಗೆ ಹೋಗಿ ಕನ್ನಡಕ ತಗೊಂಡು ಬಂದ್ರು, ಮೇಜಿನ ಮೇಲಿದ್ದ ದ್ರಾಕ್ಷಿ ಸಿಪ್ಪೆ ತಟ್ಟೆ ಪಕ್ಕಕ್ಕೆ ಸರಿಸಿದ್ರು, ಇಬ್ರೂ ಆ ಸುಣ್ಣದ ಮೇಲೆ 86 ಕಾಣತ್ತಾ ಅಂತ ಹುಡುಕ್ತಾ ಕೂತ್ರು.